ಭಾನುವಾರದ ಹುಲ್ಲು

ಮತ್ತೆ ಶುರುವಾಯಿತು. ಇನ್ನೂ ಮುಖಕ್ಕೆ ನೀರು ಹಾಕಿಕೊಂಡಿಲ್ಲ, ಬಾಯಲ್ಲಿ ಬ್ರಷ್ ಇದೆ, ಆಗಲೇ ಹೊರಗೆ ಅಣ್ಣ ಹುಲ್ಲು ಹೊಡೆಯುವ ಮಷಿನ್ನಿನ ದಾರ ಎಳೆದ ಸದ್ದು. ಅದು ಒಂದು ಸಲ ಕೆಮ್ಮಿತು, ಇನ್ನೊಂದು ಸಲ ಕೆಮ್ಮಿತು, ಆಮೇಲೆ ಗಂಟಲು ಸರಿಮಾಡಿಕೊಂಡ ಭಾಷಣಕಾರನ ಹಾಗೆ ಒಂದೇ ಸಮನೆ ಬಡಿದುಕೊಳ್ಳತೊಡಗಿತು. ಬಚ್ಚಲಿನ ಕಿಟಕಿಯ ಹತ್ತಿರ ನಿಂತ ಅವನು ನೊರೆ ತುಂಬಿದ ಬಾಯಲ್ಲೇ ಥೂ ಎಂದ. ಉಗುಳಬೇಕಾದ್ದೂ ಇತ್ತು, ಬೈಯಬೇಕಾದ್ದೂ ಇತ್ತು. ಎರಡೂ ಒಂದೇ ಸಲಕ್ಕೆ ಮುಗಿದವು. ಈ ಸುಡುಬಿಸಿಲಿನ ಕಾಲದಲ್ಲಿ, ಹುಲ್ಲು ತನ್ನ ಬುಡಕ್ಕೆ ತಾನೇ ನೆರಳು ಮಾಡಿಕೊಂಡು ಹೇಗೋ ಜೀವ ಹಿಡಿದುಕೊಂಡಿರುವಾಗ, ವಾರಕ್ಕೊಂದು ಸಲ ಅದರ ತಲೆ ಬೋಳಿಸುವವನನ್ನು ಏನೆಂದು ಕರೆಯಬೇಕು? ಅಣ್ಣ ಎಂದು ಕರೆಯಬೇಕು. ಅದೇ ಅವನ ಹೊಟ್ಟೆಯೊಳಗಿನ ಉರಿ. ಬೇರೆ ಯಾರೇ ಆಗಿದ್ದರೂ ಇಷ್ಟು ಹೊತ್ತಿಗೆ ಬಾಯಿಗೆ ಬಂದದ್ದು ಅಂದುಬಿಡಬಹುದಾಗಿತ್ತು.

ಎರಡು ಮನೆ, ಒಂದೇ ಗೇಟು, ಮುಂದೆ ಒಂದೇ ಹುಲ್ಲುಹಾಸು. ಅಪ್ಪ ಹಾಕಿಸಿದ್ದು. ಬೀದಿಯಿಂದ ಒಳಗೆ ಬಂದರೆ ಬಲಗಡೆ ಅಣ್ಣನ ಮನೆ, ಎಡಗಡೆ ಅವನದು. ಗೇಟಿನ ಕಂಬದಿಂದ ಎರಡು ಮನೆಗಳ ನಡುವಿನ ನಲ್ಲಿಯವರೆಗೆ ಕಣ್ಣಲ್ಲೇ ಒಂದು ಗೆರೆ ಎಳೆದುಕೊಂಡರೆ ಆ ಕಡೆಯದು ಅಣ್ಣನಿಗೆ, ಈ ಕಡೆಯದು ಅವನಿಗೆ. ಗೋಡೆ ಬೇಡ ಎಂದದ್ದೂ ಅಪ್ಪನೇ. ಹುಲ್ಲು ಯಾವಾಗ ಹೊಡೆಯಬೇಕು ಎನ್ನುವುದಕ್ಕೆ ಅಪ್ಪ ವಾರವನ್ನೂ ನೋಡುತ್ತಿರಲಿಲ್ಲ, ತಾರೀಖನ್ನೂ ನೋಡುತ್ತಿರಲಿಲ್ಲ. ಮೆಟ್ಟಿಲ ಮೇಲೆ ಕುಕ್ಕರಗಾಲಲ್ಲಿ ಕೂತು ಅಂಗೈ ಚಾಚಿ ಹುಲ್ಲಿನ ಮೇಲೆ ಆಡಿಸುತ್ತಿದ್ದರು, ಮಗುವಿಗೆ ಕ್ಷೌರ ಬೇಕೋ ಬೇಡವೋ ಅಂತ ನೋಡುವ ಹಾಗೆ. ಮಳೆಗಾಲದಲ್ಲಿ ಅದು ಕಣ್ಣೆದುರೇ ಬೆಳೆಯುತ್ತದೆ, ಆಗ ನಾಲ್ಕೈದು ದಿನಕ್ಕೊಮ್ಮೆ, ಬರೀ ತುದಿ. ಮಳೆ ನಿಂತ ಮೇಲೆ ವಾರಕ್ಕೊಮ್ಮೆ, ಹತ್ತು ದಿನಕ್ಕೊಮ್ಮೆ. ಚಳಿಯಲ್ಲಿ ಹುಲ್ಲು ಮಲಗಿರುತ್ತದೆ, ಮಲಗಿದವರನ್ನು ಎಬ್ಬಿಸಬಾರದು. ಬೇಸಿಗೆಯಲ್ಲಿ ಬ್ಲೇಡು ಎತ್ತರಕ್ಕೆ ಏರಿಸಿ ತಿಂಗಳಿಗೆ ಒಂದು ಸಲ ಸವರಿದರೆ ಸಾಕು. ಯಾವತ್ತೂ ಹುಲ್ಲಿನ ಮೂರರಲ್ಲಿ ಒಂದು ಪಾಲಿಗಿಂತ ಹೆಚ್ಚು ತೆಗೆಯಬಾರದು. ಇದೇನು ದೊಡ್ಡ ವಿದ್ಯೆಯೇ? ಅಣ್ಣನಿಗೂ ಗೊತ್ತಿತ್ತು, ಅವನಿಗೂ ಗೊತ್ತಿತ್ತು. ಅಪ್ಪ ಹೋದ ಮೇಲೂ ಇಬ್ಬರೂ ಹಾಗೆಯೇ ಮಾಡಿಕೊಂಡು ಬಂದಿದ್ದರು. ಹೋದ ಮಳೆಗಾಲದಿಂದ ಈಚೆಗೆ ಅಣ್ಣನಿಗೆ ಅದೇನು ಹೊಕ್ಕಿತೋ, ಪ್ರತಿ ಭಾನುವಾರ ಬೆಳಿಗ್ಗೆ ಮಷಿನ್ ಈಚೆಗೆ ತೆಗೆಯುವುದೇ. ಚಳಿಗಾಲದಲ್ಲಿ ಒಂದು ಎಳೆಯೂ ಬೆಳೆದಿರಲಿಲ್ಲ. ಮಷಿನ್ನು ಗಾಳಿಯನ್ನು ಕತ್ತರಿಸಿಕೊಂಡು ಓಡಾಡುತ್ತಿತ್ತು, ಬಕ್ಕತಲೆಗೆ ಬಾಚಣಿಗೆ ಆಡಿಸಿದ ಹಾಗೆ. ಆಗ ಅವನು ತಡೆಯಲಾರದೆ ಕೇಳಿಯೇಬಿಟ್ಟಿದ್ದ.

"ಏನಣ್ಣ, ಇಲ್ಲದ ಹುಲ್ಲನ್ನ ಹೊಡೀತಿದ್ದೀಯಲ್ಲ?"

"ಜನ ಬರ್ತಾರೋ ಇಲ್ವೋ ನೋಡ್ಕೊಂಡು ಬಸ್ ಬಿಡ್ತೀವೇನೋ? ಟೈಮ್ ಅಂದ್ರೆ ಟೈಮ್. ಭಾನುವಾರ ಅಂದ್ರೆ ಹುಲ್ಲು."

ಅಣ್ಣ ಸಿಟಿ ಬಸ್ಸಿನ ಡ್ರೈವರ್. ಬೀದಿಯವರೆಲ್ಲ ಡ್ರೈವರಣ್ಣ ಎನ್ನುತ್ತಾರೆ, ಆ ಹೆಸರಿನಲ್ಲಿ ಒಂದು ಪ್ರೀತಿ ಇದೆ. ತಮ್ಮನಾದ ಅವನಿಗೆ ಕನ್ನಡಕದ ಅಂಗಡಿ, ಅಲ್ಲೇ ಕಣ್ಣು ಪರೀಕ್ಷೆ. ಅದಕ್ಕೆ ಬೀದಿಯವರು ಅವನನ್ನು ಚಾಳೀಸು ಎನ್ನುತ್ತಾರೆ. ಆ ಹೆಸರಿನಲ್ಲಿ ಪ್ರೀತಿ ಎಷ್ಟಿದೆ ಎಂದು ಅವನು ಯಾವ ಲೆನ್ಸು ಹಾಕಿ ನೋಡಿದರೂ ಕಂಡಿಲ್ಲ.

ಹೊಡೆಯಲಿ, ತನ್ನ ಪಾಲಿನದನ್ನು ಬೋಳಿಸಿ ಮರುಭೂಮಿ ಮಾಡಿಕೊಳ್ಳಲಿ, ಅದು ಅವನ ಹಣೆಬರಹ. ಆದರೆ ಗೆರೆ? ಈ ಬೇಸಿಗೆಯಲ್ಲಿ ಅಣ್ಣನ ಭಾಗ ಹಳೆಯ ಗೋಣಿಚೀಲದ ಬಣ್ಣಕ್ಕೆ ತಿರುಗಿತ್ತು, ಅವನದು ಹಸಿರಾಗಿತ್ತು, ಮಹಡಿಯ ಮೇಲಿಂದ ನೋಡಿದರೆ ಎರಡು ಬಟ್ಟೆಯನ್ನು ಜೋಡಿಸಿ ಹೊಲಿದ ಹಾಗಿತ್ತು. ಅದನ್ನು ನೋಡಿ ಅವನಿಗೆ ಒಳಗೊಳಗೇ ಒಂದು ತೃಪ್ತಿಯೂ ಇತ್ತು, ಸುಳ್ಳು ಯಾಕೆ. ಆಮೇಲೆ ಗೋಣಿಯ ಬಣ್ಣ ಈ ಕಡೆ ಹರಿಯತೊಡಗಿತು. ಮೊದಮೊದಲು ಒಂದು ಬೆರಳಿನಷ್ಟು. ಗಾಳಿಗೆ ಕೈ ಜಾರಿರಬಹುದು ಎಂದುಕೊಂಡ. ಆಮೇಲೆ ಒಂದು ಗೇಣು. ಈಗ ನಲ್ಲಿಯ ಹತ್ತಿರ ಒಬ್ಬ ಮನುಷ್ಯ ಅಂಗಾತ ಮಲಗುವಷ್ಟು ಅಗಲಕ್ಕೆ ಅಣ್ಣನ ಮಷಿನ್ನು ಅವನ ಹಸಿರನ್ನು ತಿಂದುಹಾಕಿತ್ತು. ಹೇಳದೆ ಕೇಳದೆ, ವಾರವಾರವೂ ಚೂರುಚೂರು, ನಗುನಗುತ್ತ! ಕಳ್ಳತನವನ್ನಾದರೂ ಮನುಷ್ಯ ಮರೆಯಲ್ಲಿ ಮಾಡುತ್ತಾನೆ. ಹೋದ ತಿಂಗಳು ಗೆರೆಯ ಮೇಲೆ ಅವನು ಬೇಕೆಂದೇ ಒಂದು ಮಣ್ಣಿನ ಕುಂಡ ಇಟ್ಟಿದ್ದ. ಅಣ್ಣ ಮಷಿನ್ನನ್ನು ನೇರ ಅದಕ್ಕೇ ಗುದ್ದಿ, ಕುಂಡ ಎರಡು ಹೋಳಾದ ಮೇಲೆ, ಯಾವನಪ್ಪ ಇಲ್ಲಿ ಕುಂಡ ಇಟ್ಟಿದ್ದು ಎಂದು ಇಡೀ ಬೀದಿಗೆ ಕೇಳುವ ಹಾಗೆ ಕೂಗಿದ್ದ. ಕೂಗಿದ್ದೂ ಅವನೇ!

ತಿಂಡಿಗೆ ಕೂತಾಗ ಹೆಂಡತಿ ಅವನ ಮುಖವನ್ನೇ ನೋಡಿದಳು. "ರೀ, ಅವರು ಕತ್ತರಿಸಿದ್ದು ಹುಲ್ಲು. ನಿಮ್ಮ ಕಿವಿ ಅಲ್ಲ."

"ಇವತ್ತು ಹುಲ್ಲು. ನಾಳೆ ನಲ್ಲಿ. ನಾಳಿದ್ದು ನಮ್ಮ ಮೆಟ್ಟಿಲ ಮೇಲೆ ಅವನ ಚಪ್ಪಲಿ."

"ಚಪ್ಪಲಿ ಹಾಕ್ಕೊಂಡು ನೋಡಿ, ನಿಮಗೂ ಸರಿಹೋಗುತ್ತೆ. ಚಿಕ್ಕೋರಿದ್ದಾಗ ಅವರದ್ದೇ ತಾನೆ ಹಾಕ್ಕೊಳ್ತಿದ್ದಿದ್ದು?"

ಹೌದು, ಅವರದ್ದೇ. ಅಣ್ಣನ ಹಳೇ ಚಪ್ಪಲಿ, ಅಣ್ಣನ ಹಳೇ ಅಂಗಿ, ಅಣ್ಣನ ಸವೆದ ಪೆನ್ಸಿಲು. ಒಂದೇ ಮಂಚದಲ್ಲಿ ಮಲಗುತ್ತಿದ್ದಾಗ ನಿದ್ದೆಯಲ್ಲಿ ಅಣ್ಣನ ಕಾಲು ಅವನ ಹೊಟ್ಟೆಯ ಮೇಲೆ ಬಂದು ಬೀಳುತ್ತಿತ್ತು, ಮರದ ದಿಮ್ಮಿಯಂತೆ. ತೆಗಿ ಎಂದರೆ ನಿದ್ದೆಯಲ್ಲೇ ಹ್ಞೂಂ ಎನ್ನುತ್ತಿದ್ದ, ತೆಗೆಯುತ್ತಿರಲಿಲ್ಲ. ಆ ಕಾಲೇ ಇವತ್ತಿಗೂ ತನ್ನ ಮೇಲಿದೆ ಎಂದು ಅವನಿಗೆ ಅನ್ನಿಸಿತು. ಅಂಗಡಿ ತೆರೆದ ದಿನ ಬಂದವರಿಗೆ ನಮಸ್ಕಾರ ಹೇಳಿ ನಾಲ್ಕು ಮಾತಾಡಿದ್ದು ಅಣ್ಣ. ಮಾಲೀಕನಾದ ಅವನು ಹಿಂದೆ ನಿಂತು ತಂಪು ಪಾನೀಯದ ಬಾಟಲಿ ಎಣಿಸಿದ್ದ. ಹೋದ ಮಳೆಗಾಲದಲ್ಲಿ ಒಂದು ದಿನ, ಅಂಗಡಿ ತುಂಬ ಜನ, ಒದ್ದೆ ಕೊಡೆಗಳು ಬಾಗಿಲಲ್ಲಿ ಸೋರುತ್ತಿವೆ, ಅಣ್ಣ ಡ್ಯೂಟಿ ಬಟ್ಟೆಯಲ್ಲೇ ನುಗ್ಗಿ ಬಂದು ಕಣ್ಣು ತೋರಿಸುವ ಕುರ್ಚಿಯಲ್ಲಿ ಧೊಪ್ಪೆಂದು ಕೂತಿದ್ದ, ಸರದಿಯಲ್ಲಿದ್ದ ಹೆಂಗಸೊಬ್ಬಳನ್ನು ದಾಟಿ. "ನೋಡೋ ಚಾಳೀಸು, ನಮ್ದೂ ಒಂಚೂರು ನೋಡು." ಕಾದಿದ್ದವರೆಲ್ಲ ನಕ್ಕಿದ್ದರು. ಅವನ ಅಂಗಡಿ, ಅವನ ಕುರ್ಚಿ, ಅಲ್ಲೂ ಅವನ ಅಡ್ಡಹೆಸರು! ಅವನು ಹಲ್ಲು ಕಚ್ಚಿಕೊಂಡು ಗೋಡೆಯ ಅಕ್ಷರಗಳ ಹಲಗೆ ತೋರಿಸಿದ್ದ. ಅಣ್ಣ ಮೇಲಿನ ಸಾಲಿನಿಂದ ಕೆಳಗಿನ ಇರುವೆಯಂಥ ಸಾಲಿನವರೆಗೆ ಸ್ಟಾಪುಗಳ ಹೆಸರು ಕೂಗಿದಂತೆ ಗಡಗಡ ಓದಿದ್ದ. ಹದ್ದಿನ ಕಣ್ಣು, ಏಳು ಇನ್ನು, ಜನ ಕಾಯ್ತಿದ್ದಾರೆ, ಎಂದಿದ್ದ ಅವನು. ಅಣ್ಣ ಏಳದೆ, ಕುರ್ಚಿಯ ಕೈಯನ್ನು ಬೆರಳಿಂದ ಕೆರೆಯುತ್ತ, "ಪಕ್ಕದ್ದೆಲ್ಲ ನೋಡಲ್ವೇನೋ?" ಎಂದು ಕೇಳಿದ್ದ. "ಪಕ್ಕದಲ್ಲಿ ಏನಿದೆ ನೋಡೋಕೆ? ಏಳಣ್ಣ ಸಾಕು" ಎಂದು ಅವನು ತೋಳು ಹಿಡಿದೇ ಎಬ್ಬಿಸಿದ್ದ. ಆವತ್ತು ಮನೆಗೆ ಬಂದು ಹೆಂಡತಿಯ ಹತ್ತಿರ ಹೇಳಿಕೊಂಡು ಉರಿದಿದ್ದ: ಕಣ್ಣು ಸರಿಯಿದ್ದೂ ಬರೀ ನನ್ನ ಮರ್ಯಾದೆ ತೆಗೆಯೋಕೆ ಬಂದಿದ್ದ.

ಇವತ್ತು ಮಾತ್ರ ಬಿಡುವುದಿಲ್ಲ. ನಿನ್ನೆ ಸಂಜೆ, ಅಣ್ಣ ಡ್ಯೂಟಿಯಿಂದ ಬರುವ ಮೊದಲು, ಹಿತ್ತಲಿನಲ್ಲಿ ಬಟ್ಟೆ ಒಣಹಾಕುವ ಕೆಂಪು ನೈಲಾನ್ ಹಗ್ಗವನ್ನು ಬಿಚ್ಚಿ ತಂದು, ಗೇಟಿನ ಕಂಬದಿಂದ ನಲ್ಲಿಯವರೆಗೆ ಗೂಟ ಹೊಡೆದು ನೆಲಕ್ಕೆ ಅಂಟುವ ಹಾಗೆ ಬಿಗಿದಿದ್ದ. ಒಣಗಿದ ಹುಲ್ಲಿನ ಮೇಲೆ ಆ ಕೆಂಪು ಗಾಯದ ಹಾಗೆ ಎದ್ದು ಕಾಣುತ್ತಿತ್ತು. ನೋಡಲಿ. ನೋಡಿ ನಾಚಿಕೆಪಡಲಿ. ಹಗ್ಗದ ಹತ್ತಿರ ಬಂದು ಒಂದು ಕ್ಷಣ ನಿಲ್ಲಲಿ, ತಲೆ ಎತ್ತಿ ಈ ಕಿಟಕಿಯ ಕಡೆ ನೋಡಲಿ, ಅಷ್ಟೇ ಅವನಿಗೆ ಬೇಕಾದ್ದು. ನಡುಮನೆಯ ಪರದೆಯ ಹಿಂದೆ ಅವನು ನಿಂತ. ಈ ವಯಸ್ಸಿನಲ್ಲಿ, ತಲೆ ನರೆತ ಮೇಲೆ, ಮಕ್ಕಳು ಕಣ್ಣಾಮುಚ್ಚಾಲೆ ಆಡಿದ ಹಾಗೆ ಪರದೆಯ ಹಿಂದೆ! ಅದಕ್ಕೂ ಅಣ್ಣನ ಮೇಲೆಯೇ ಸಿಟ್ಟು ಬಂತು.

ಅಣ್ಣ ತನ್ನ ಭಾಗವನ್ನು ಮುಗಿಸುತ್ತ ಬಂದ. ಅವನ ಪದ್ಧತಿ ಒಂದೇ, ಗೆರೆಯ ಪಕ್ಕದ ಪಟ್ಟಿ ಯಾವತ್ತೂ ಕೊನೆಗೆ, ಗೇಟಿನಿಂದ ಮನೆಯ ಕಡೆಗೆ. ಗೇಟಿನ ಹತ್ತಿರ ಮಷಿನ್ನು ತಿರುಗಿಸಿ ನಿಂತ, ಹೆಗಲಿನ ಟವೆಲಿನಲ್ಲಿ ಕುತ್ತಿಗೆ ಒರೆಸಿಕೊಂಡ, ದೊಡ್ಡ ಗಾಡಿ ಹೊರಡಿಸುವವನ ಹಾಗೆ ಎರಡು ಕೈಯನ್ನೂ ಹಿಡಿಕೆಯ ಮೇಲೆ ಸರಿಯಾಗಿ ಇಟ್ಟ. ಮುಖದಲ್ಲಿ ಹುಲ್ಲು ಹೊಡೆಯುವವನ ನಿರಾಳ ಇರಲಿಲ್ಲ. ಪರೀಕ್ಷೆಗೆ ಕೂತ ಹುಡುಗನ ಬಿಗುವಿತ್ತು. ನಾಟಕ ನೋಡು, ಎಂದುಕೊಂಡ ಅವನು. ಹಗ್ಗ ಅಣ್ಣನ ಎಡಗಾಲಿನ ಪಕ್ಕದಲ್ಲೇ ಇತ್ತು. ಮಷಿನ್ನು ಹೊರಟಿತು, ನೆಟ್ಟಗೆ ಸ್ವಲ್ಪ ದೂರ ಬಂತು, ಆಮೇಲೆ ಮೆಲ್ಲಗೆ, ನೋಡನೋಡುತ್ತ, ಎಡಕ್ಕೆ ವಾಲಿತು. ಹಗ್ಗವನ್ನು ಮುಟ್ಟಿತು. ದಾಟಿತು. ಅಣ್ಣನ ಮುಖದಲ್ಲಿ ಒಂದು ಗೆರೆ ಕೂಡ ಬದಲಾಗಲಿಲ್ಲ. ಒಂದು ಗೂಟ ಕಿತ್ತು ಹಾರಿತು, ಹಗ್ಗ ಹಾವಿನ ಹಾಗೆ ಸರಕ್ಕನೆ ಮಷಿನ್ನಿನೊಳಗೆ ಹೋಯಿತು, ಬ್ಲೇಡು ಕಿರುಚಿ, ಉಸಿರು ಕಟ್ಟಿ, ನಿಂತುಹೋಯಿತು.

ಅವನು ಚಪ್ಪಲಿಯನ್ನೂ ಮೆಟ್ಟದೆ ಹೊರಗೆ ನುಗ್ಗಿದ್ದ.

"ಯಾವನೋ ಇದು, ಹಗ್ಗ ಕಟ್ಟಿದ್ದು?" ಅಣ್ಣ ಬಗ್ಗಿ ಮಷಿನ್ನಿನ ಕೆಳಗೆ ನೋಡುತ್ತಿದ್ದ.

"ನಾನು! ನಾನೇ ಕಟ್ಟಿದ್ದು!"

"ಹೇಳ್ಬಾರ್ದೇನೋ? ಬ್ಲೇಡು ಮುರಿದಿದ್ರೆ?"

"ಹೇಳ್ಬೇಕಾ? ಕೆಂಪು ಹಗ್ಗ ಅಣ್ಣ! ಅರ್ಧ ಊರಿಗೆ ಕಾಣುತ್ತೆ. ನಿನಗೆ ಕಾಣಲ್ವಾ? ವಾರ ವಾರ ನನ್ನ ಹುಲ್ಲಿಗೆ ನುಗ್ತಿದ್ದೀಯ, ನಾನು ಬಾಯಿ ಮುಚ್ಕೊಂಡಿದ್ದೀನಿ ಅಂತ ಎಷ್ಟು ದಿನ ಅಂತ ನುಗ್ತೀಯ? ಕಾಣಲ್ವಾ ನಿನಗೆ?"

ಕಾಣುತ್ತಾ, ಈಗ ಕಾಣುತ್ತಾ, ಇದು ಚೆನ್ನಾಗಿ ಕಾಣುತ್ತಾ ಅದು ಚೆನ್ನಾಗಿ ಕಾಣುತ್ತಾ: ದಿನವಿಡೀ ಅವನ ಬಾಯಲ್ಲಿ ಇರುವುದು ಅದೊಂದೇ ಮಾತು. ಅಂಗಡಿಯಲ್ಲಿ ಸಕ್ಕರೆಯ ಹಾಗೆ ಹೊರಡುವ ಮಾತು ಇಲ್ಲಿ ಕಲ್ಲಿನ ಹಾಗೆ ಹೊರಟಿತ್ತು. ಸದ್ದು ಕೇಳಿ ಅತ್ತಿಗೆ ಟೀ ಲೋಟ ಹಿಡಿದುಕೊಂಡೇ ಓಡಿ ಬಂದು ಅಣ್ಣನ ಎಡಗಡೆ ನಿಂತಿದ್ದರು. "ಏನ್ರಪ್ಪಾ ಇದು, ಬೆಳಿಗ್ಗೆ ಬೆಳಿಗ್ಗೆ? ತಗೊಳ್ಳಿ, ಮೊದಲು ಇದು ಕುಡೀರಿ" ಎಂದು ಲೋಟ ಚಾಚಿದರು. ಲೋಟ ಅಣ್ಣನ ಕೈಯ ಹತ್ತಿರ ಗಾಳಿಯಲ್ಲಿ ನಿಂತಿತು. ಅಣ್ಣ ಮಾತು ಕೇಳಿದ ಕಡೆಗೆ ಕಣ್ಣು ಹೊರಳಿಸಲಿಲ್ಲ, ಇಡೀ ತಲೆಯನ್ನು, ಹೆಗಲ ಸಮೇತ, ದೊಡ್ಡ ಬಸ್ಸು ತಿರುಗಿಸಿದ ಹಾಗೆ ಎಡಕ್ಕೆ ತಿರುಗಿಸಿದ. ಆಮೇಲೆ ಲೋಟ ತೆಗೆದುಕೊಂಡ. ಅತ್ತಿಗೆ ಅದು ಮಾಮೂಲಿ ಎನ್ನುವ ಹಾಗೆ ಕಾದರು.

ಅವನ ಬಾಯಲ್ಲಿ ಇನ್ನೂ ಒಂದು ರಾಶಿ ಬೈಗುಳ ಉಳಿದಿತ್ತು, ಒಂದೂ ಹೊರಗೆ ಬರಲಿಲ್ಲ. ಆ ತಲೆ ತಿರುಗಿಸುವುದನ್ನು ಅವನು ಕಂಡಿದ್ದ, ಅಣ್ಣನಲ್ಲಲ್ಲ, ಅಂಗಡಿಯ ಬಾಗಿಲಲ್ಲಿ. ಗಾಜಿನ ಬಾಗಿಲಿಗೆ ಹೆಗಲು ತಗುಲಿಸಿಕೊಂಡು ಒಳಗೆ ಬರುವವರು, ಪಕ್ಕದ ಸ್ಟೂಲು ಎಡವುವವರು, ಆದರೂ ಹಲಗೆಯ ಕೊನೇ ಸಾಲನ್ನೂ ಗಡಗಡ ಓದುವವರು. ನಡುವೆ ಎಲ್ಲ ಚೆನ್ನಾಗಿ ಕಾಣುತ್ತದೆ, ಪಕ್ಕದಿಂದ ಕತ್ತಲು ಮೆಲ್ಲಗೆ ಒತ್ತುವರಿ ಮಾಡುತ್ತ ಬರುತ್ತದೆ. ಕುಂಡ. ನಲ್ಲಿಯ ಹತ್ತಿರ ಈ ಕಡೆಗೆ ಉಬ್ಬಿದ ಬೋಳು ಪಟ್ಟಿ. ಬಸ್ಸಿನ ಎಡಗಡೆಯ ಕನ್ನಡಿ ಕಂಬಕ್ಕೆ ತಾಗಿ ಒಡೆಯಿತಂತೆ ಎಂದು ಅತ್ತಿಗೆ ಯಾವತ್ತೋ ನಗುತ್ತ ಹೇಳಿದ್ದರು, ಅವನೂ ನಕ್ಕಿದ್ದ. ಪಕ್ಕದಲ್ಲಿ ಏನಿದೆ ನೋಡೋಕೆ!

"ಅಣ್ಣ, ಇಲ್ಲಿ ನಿಲ್ಲು. ನನ್ನ ಮೂಗು ನೋಡು."

"ಯಾಕೆ, ನಿನ್ನ ಮೂಗಿಗೂ ಗೆರೆ ಹಾಕಿದ್ದೀಯಾ?"

"ತಮಾಷೆ ಬೇಡ. ಬಲಗಣ್ಣು ಮುಚ್ಕೊ. ನನ್ನ ಮೂಗನ್ನೇ ನೋಡ್ತಿರು, ಅಲ್ಲಾಡಬೇಡ. ಪಕ್ಕದಲ್ಲಿ ನನ್ನ ಬೆರಳು ಅಲ್ಲಾಡೋದು ಕಂಡ ತಕ್ಷಣ ಹೇಳು."

ಅಣ್ಣ ಲೋಟವನ್ನು ಅತ್ತಿಗೆಯ ಕೈಗೆ ಕೊಟ್ಟು ಬಲಗಣ್ಣಿನ ಮೇಲೆ ಅಂಗೈ ಇಟ್ಟುಕೊಂಡ. ಅಂಗೈಯಲ್ಲಿ ಹುಲ್ಲಿನ ಚೂರುಗಳು ಅಂಟಿದ್ದವು. ಅವನು ತೋಳನ್ನು ಅಣ್ಣನ ಎಡಪಕ್ಕಕ್ಕೆ ಚಾಚಿ ಬೆರಳು ಆಡಿಸಿದ. ಆಡಿಸುತ್ತಲೇ ಇನ್ನಷ್ಟು ಮುಂದಕ್ಕೆ ತಂದ. ಅತ್ತಿಗೆಗೆ ಕಾಣುತ್ತಿತ್ತು, ಪರದೆ ಸರಿಸಿ ನೋಡುತ್ತಿದ್ದ ಅವನ ಹೆಂಡತಿಗೆ ಕಾಣುತ್ತಿತ್ತು. ಗೇಟಿನ ಆಚೆ ಹಾಲಿನ ಪ್ಯಾಕೆಟ್ ಹಿಡಿದು ಹೋಗುತ್ತಿದ್ದವರೂ ಒಂದು ಗಳಿಗೆ ನಿಂತು ನೋಡಿದರು, ದೊಡ್ಡವರಿಬ್ಬರು ಬಿಸಿಲಲ್ಲಿ ಇದೇನು ಆಟ ಎಂದು. ಬೆರಳು ಅಣ್ಣನ ಕಿವಿಯನ್ನು ದಾಟಿತು, ಕೆನ್ನೆಯ ಪಕ್ಕಕ್ಕೆ ಬಂತು, ಇನ್ನೇನು ಮೂಗನ್ನು ಮುಟ್ಟಬೇಕು.

"ಶುರು ಮಾಡೋ ಮಾರಾಯ," ಅಂದ ಅಣ್ಣ. "ಬಿಸಿಲು ಏರ್ತಾ ಇದೆ."

ಅವನ ಕೈ ಅಲ್ಲೇ ನಿಂತಿತು. ಅತ್ತಿಗೆ ಸೆರಗನ್ನು ಬಾಯಿಗೆ ಒತ್ತಿಕೊಂಡರು. ಯಾರೂ ಮಾತಾಡದಿದ್ದುದರಿಂದಲೇ ಅಣ್ಣನಿಗೆ ಗೊತ್ತಾಯಿತು. ಅಂಗೈ ತೆಗೆದ. ಕಣ್ಣ ಪಕ್ಕದಲ್ಲೇ ಇದ್ದ ತಮ್ಮನ ಬೆರಳನ್ನು ನೋಡಿದ.

"ಶುರುವಾಗಿ ಹೋಗಿತ್ತೇನೋ?" ಎಂದ ಮೆಲ್ಲಗೆ.

"ಯಾವಾಗಿಂದ ಅಣ್ಣ?"

"ಮಳೆಗಾಲದಿಂದ. ಎಡಗಡೆ ಏನೋ ಮಸುಕು. ಬಂದಿದ್ದೆನಲ್ಲ ನಿನ್ನ ಹತ್ರ. ಹದ್ದಿನ ಕಣ್ಣು ಅಂದೆ. ಸರಿ, ಇವನೇ ಅಂದಮೇಲೆ ಏನಿಲ್ಲ ಬಿಡು ಅಂದ್ಕೊಂಡೆ." ಅಣ್ಣ ಮಷಿನ್ನಿನ ಹಿಡಿಕೆಯನ್ನು ಸವರಿದ. "ಆದ್ರೂ ಒಳಗೆ ಕೊರೀತಿತ್ತು. ಅದಕ್ಕೇ ಪ್ರತಿ ಭಾನುವಾರ ಇದು. ಕಂಬದಿಂದ ನಲ್ಲಿಗೆ ನೆಟ್ಟಗೆ ಹೊಡೆದ್ರೆ ಸೋಮವಾರ ಗಾಡಿ ತೆಗೀಬಹುದು ಅಂತ ನನ್ನದೇ ಒಂದು ಲೆಕ್ಕ. ನಂಗೆ ನೆಟ್ಟಗೇ ಕಾಣೋದು ಕಣೋ. ಸೊಟ್ಟ ಇದ್ರೆ ನೀನು ಬಂದು ಬೈತೀಯ ಅಂತ ಇದ್ದೆ. ಹುಲ್ಲಿನ ವಿಷಯದಲ್ಲಿ ನೀನು ಬಿಡೋನಲ್ವಲ್ಲ. ನೀನು ಬೈಲೇ ಇಲ್ಲ."

ಅಣ್ಣನಿಗೆ ಬೈಗುಳ ಬೇಕಾಗಿತ್ತು! ತಿಂಗಳುಗಟ್ಟಲೆ ಪರದೆಯ ಹಿಂದೆ ನಿಂತು, ಬಚ್ಚಲಲ್ಲಿ ನಿಂತು, ಅನ್ನದ ತಟ್ಟೆಯ ಮುಂದೆ ಕೂತು ತಾನು ಬೈದದ್ದಕ್ಕೆ ಲೆಕ್ಕವಿಲ್ಲ. ಅದರಲ್ಲಿ ಒಂದೇ ಒಂದನ್ನು, ಒಂದೇ ಒಂದು ಭಾನುವಾರ, ಬಾಯಿ ಬಿಟ್ಟು ಅಂದಿದ್ದರೆ ಸಾಕಾಗಿತ್ತು. ದೊಡ್ಡವನೆಂಬ ಮರ್ಯಾದೆಗೆ ಸುಮ್ಮನಿದ್ದೇನೆ ಎಂದು ಹೆಮ್ಮೆಪಟ್ಟಿದ್ದ. ಮರ್ಯಾದೆಯಂತೆ, ಮಣ್ಣು! ಇಷ್ಟು ದಿನ ಜೋಪಾನ ಮಾಡಿಕೊಂಡು ಬಂದ ಸಿಟ್ಟನ್ನು ಯಾರೋ ಕೈಯಿಂದ ಕಿತ್ತುಕೊಂಡು ಹೋದ ಹಾಗಾಯಿತು. ಬರಿಗೈಯಲ್ಲಿ ನಿಲ್ಲಲಾರದೆ ಅವನು ಇನ್ನೊಂದು ಸಿಟ್ಟು ಹುಡುಕಿದ, ಅದು ಹುಡುಕುವ ಮೊದಲೇ ಎದುರಿಗಿತ್ತು, ಹಿಂದಿನದಕ್ಕಿಂತ ದೊಡ್ಡದು.

"ಸೋಮವಾರ ಗಾಡಿ ತೆಗೀಬಹುದು ಅಂತ ಲೆಕ್ಕ ಹಾಕೋಕೆ ನೀನು ಯಾರು? ಹುಲ್ಲು ಕೇಳ್ಕೊಂಡು ಬಸ್ ಓಡಿಸ್ತಾರಾ? ಎಡಗಡೆಯಿಂದಲೇ ಅಲ್ವಾ ಜನ ಹತ್ತೋದು? ಮಕ್ಕಳು ಮರಿ, ವಯಸ್ಸಾದೋರು, ನಿನ್ನ ನಂಬ್ಕೊಂಡು ಫುಟ್‌ಬೋರ್ಡ್ ಮೇಲೆ ಕಾಲಿಡ್ತಾರೆ. ಯಾರಾದ್ರೂ ಗಾಲಿ ಕೆಳಗೆ ಹೋಗಿದ್ರೆ?"

"ಹೋಗಿಲ್ವಲ್ಲ."

"ಹೋಗಿಲ್ವಂತೆ! ಬಸ್ಸಿನ ಕನ್ನಡಿ ಹೋಯ್ತು. ಕುಂಡ ಹೋಯ್ತು. ಇನ್ನೇನು ಹೋಗ್ಬೇಕಿತ್ತು?"

"ಕೂಗ್ಬೇಡ, ಬೀದಿ ನೋಡ್ತಿದೆ."

"ನೋಡ್ಲಿ! ಅವರಿಗಾದ್ರೂ ಕಾಣುತ್ತಲ್ಲ!" ಅಂದುಬಿಟ್ಟ. ಅಣ್ಣ ಏಟು ತಿಂದವನ ಹಾಗೆ ಒಂದು ಸಲ ಕಣ್ಣು ಮುಚ್ಚಿ ತೆರೆದ. ಆಡಿದ ಮಾತಿನಿಂದ ಹಿಂದೆ ಸರಿಯಬಹುದಾಗಿತ್ತು, ತಮ್ಮ ಸರಿಯಲಿಲ್ಲ. "ನಾಳೆ ಬೆಳಿಗ್ಗೆ ನನ್ನ ಜೊತೆ ಬರ್ತೀಯ. ಮೊದಲು ಡಿಪೋ. ನೀನೇ ನಿನ್ನ ಬಾಯಲ್ಲಿ ಹೇಳ್ತೀಯ. ಆಮೇಲೆ ದೊಡ್ಡ ಕಣ್ಣಾಸ್ಪತ್ರೆ. ಹೋಗಿರೋ ದೃಷ್ಟಿ ಬರಲ್ಲ, ಇರೋದು ಉಳಿಯುತ್ತೆ."

"ನಾಳೆ ಮೊದಲನೇ ಟ್ರಿಪ್ಪು ನಂದು."

"ಅಲ್ಲ."

"ಬರಲ್ಲ ಅಂದ್ರೆ?"

"ನಾನೇ ಹೋಗಿ ಹೇಳ್ತೀನಿ."

ಅಣ್ಣ ಅವನನ್ನು ನೆಟ್ಟಗೆ ನೋಡಿದ. ನೇರ ಎದುರಿಗೆ ಇರುವುದೆಲ್ಲ ಆ ಕಣ್ಣಿಗೆ ಈಗಲೂ ಇರುವೆಯ ಸಾಲಿನವರೆಗೆ ಕಾಣುತ್ತದೆ, ತಮ್ಮನ ಗಂಟಲು ಏರಿಳಿಯುವುದೂ. "ಹೇಳೋ, ಹೇಳು. ನನ್ನ ಅನ್ನದ ತಟ್ಟೆ ಕಿತ್ಕೊ. ಮಂಚದಲ್ಲಿ ಒದೀತಿದ್ದೆನಲ್ಲ, ಅದಕ್ಕೆ ಸರಿಹೋಯ್ತು" ಎಂದು ಟವೆಲು ಕೊಡವಿ ಹೆಗಲಿಗೆ ಹಾಕಿಕೊಂಡು ತನ್ನ ಮನೆಯ ಕಡೆ ನಡೆದ. ಮೆಟ್ಟಿಲ ಹತ್ತಿರ ಎಡಗೈಯನ್ನು ಗೋಡೆಗೆ ತಾಗಿಸಿಕೊಂಡು ಹತ್ತಿದ. ಈ ಗೋಡೆ ಸವರುವುದನ್ನು ಎಷ್ಟು ದಿನದಿಂದ ಮಾಡುತ್ತಿದ್ದನೋ, ಅಲ್ಲಿ ಸುಣ್ಣದ ಮೇಲೆ ಬೆರಳುಗಳ ಕಂದು ಪಟ್ಟಿಯೇ ಮೂಡಿತ್ತು. ಪರದೆಯ ಹಿಂದಿನಿಂದ ನೋಡಿದಾಗ ಅದೂ ಅವನಿಗೆ ಅಣ್ಣನ ಗಲೀಜಾಗಿ ಕಂಡಿತ್ತು.

ಅವನು ಹುಲ್ಲಿನ ಮೇಲೆ ಕೂತು ಮಷಿನ್ನನ್ನು ಮಗ್ಗುಲಿಗೆ ಉರುಳಿಸಿ ಬ್ಲೇಡಿಗೆ ಸುತ್ತಿಕೊಂಡ ಹಗ್ಗವನ್ನು ಬಿಡಿಸತೊಡಗಿದ. ಬಿಸಿಗೆ ನೈಲಾನು ಕರಗಿ ಅಂಟಿಕೊಂಡಿತ್ತು, ಉಗುರಿಗೆ ಸಿಗುತ್ತಿರಲಿಲ್ಲ. ಹೆಂಡತಿ ಬಾಗಿಲಿಗೆ ಬಂದು ನನ್ನ ಬಟ್ಟೆ ಹಗ್ಗ ಎಂದು ಶುರುಮಾಡಿ, ಅವನ ಮುಖ ನೋಡಿ ಚಾಕು ತಂದುಕೊಟ್ಟು ಒಳಗೆ ಹೋದಳು. ಬೋಳಾದ ಪಟ್ಟಿ ಅವನ ಅಂಗಾಲಿಗೆ ಚುಚ್ಚುತ್ತಿತ್ತು. ನಲ್ಲಿಯಿಂದ ಕಂಬದವರೆಗೆ ಅದು ಎಷ್ಟು ಸೊಟ್ಟಗಿದೆ ಎಂದು ನೆಲದ ಮಟ್ಟದಿಂದ ನೋಡಿದಾಗ ಇನ್ನೂ ಚೆನ್ನಾಗಿ ಕಾಣುತ್ತಿತ್ತು. ಯಾವ ಮಗುವಿಗಾದರೂ ಕಾಣುತ್ತಿತ್ತು. ಅಪ್ಪನ ಹಾಗೆ ಅಂಗೈ ಚಾಚಿ ಹುಲ್ಲಿನ ಮೇಲೆ ಆಡಿಸಿದ. ಒಣಗಿದ ಬುಡಗಳು. ಬೇರು ಇನ್ನೂ ಬಿಗಿಯಾಗಿತ್ತು. ಮಳೆ ಬಂದರೆ ಚಿಗುರಬಹುದು.

ಬಿಸಿಲು ನೆತ್ತಿಗೆ ಏರುವ ಹೊತ್ತಿಗೆ ಅತ್ತಿಗೆ ಬಾಗಿಲಲ್ಲಿ ನಿಂತು ಕೂಗಿದರು. ಅತ್ತು ಮುಖ ತೊಳೆದುಕೊಂಡಿದ್ದು ಅಲ್ಲಿಂದಲೇ ಗೊತ್ತಾಗುತ್ತಿತ್ತು. "ಏನಪ್ಪಾ, ನಾಳೆ ಎಷ್ಟೊತ್ತಿಗೆ ಹೊರಡೋದು ಅಂತ ಕೇಳ್ತಿದ್ದಾರೆ."

"ಅವನಿಗೇನು ಬಾಯಿಲ್ವಾ ಅತ್ತಿಗೆ ಕೇಳೋಕೆ?"

"ನಿನ್ನ ಜೊತೆ ಮಾತು ಬಿಟ್ಟಿದ್ದಾರಂತೆ." ಅತ್ತಿಗೆ ಒಳಗೆ ತಿರುಗಿ ಏನೋ ಕೇಳಿಸಿಕೊಂಡು ಮತ್ತೆ ಈ ಕಡೆ ನೋಡಿದರು. "ಬಸ್ಸಲ್ಲೇ ಹೋಗ್ಬೇಕಂತೆ. ಹಿಂದಿನ ಸೀಟಲ್ಲಿ ಕೂರಿಸ್ಬೇಕಂತೆ. ಮುಂದೆ ಕೂತ್ರೆ ಕಾಲು ಸುಮ್ನಿರಲ್ವಂತೆ, ಬ್ರೇಕ್ ತುಳಿಯುತ್ತಂತೆ."

ಚಾಕು ಹಿಡಿದ ಕೈ ನಿಂತಿತು. ಚಾಕು ಕೆಳಗಿಟ್ಟು ಎದ್ದು ನಿಂತ. ಸಿಟ್ಟಿನ ದನಿಯಲ್ಲೇ ಅವನು ಆ ಮನೆಯ ಕಿಟಕಿಯ ಕಡೆಗೆ, ಪರದೆಯ ಹಿಂದೆ ನಿಂತಿರಬಹುದಾದ ಅಣ್ಣನಿಗೆ ಕೇಳಿಸುವ ಹಾಗೆ, ಬೀದಿಗೆಲ್ಲ ಕೇಳಿಸುವ ಹಾಗೆ ಕೂಗಿದ:

"ಆರಕ್ಕೆ ರೆಡಿ ಇರ್ಬೇಕು ಅಂತ ಹೇಳಿ! ಟೈಮ್ ಅಂದ್ರೆ ಟೈಮ್! ಮತ್ತೆ ಇನ್ನೊಂದು ಹೇಳಿ ಅತ್ತಿಗೆ, ಎಡಗಡೆ ನಾನು ಕೂರ್ತೀನಿ!"